ಮಾತಿನ ಲೆಕ್ಕವೂ ನಮ್ಮ ಹೆಣ್ಣುಮಕ್ಕಳೂ

ಹೊರ್ತಿಯಿಂದಲೂ ಸುತ್ತಣ ಹಳ್ಳಿಗಳಿಂದಲೂ ಬಂದು ನಮ್ಮಲ್ಲಿ ಕಲಿತುಹೋದ ಹೆಣ್ಣುಮಕ್ಕಳಲ್ಲಿ ಕೆಲವರು, ಬಿ.ಕಾಂ. ಪದವಿಯನ್ನು ಮುಗಿಸಿಕೊಂಡು, ಎಂ.ಬಿ.ಎ. ತರಗತಿಗೆ ಸೇರಬೇಕೆಂದು ಹವಣಿಸುತ್ತಿರುವುದು ನಮಗೆ ಬಹಳ ಸಂತೋಷದ ಸಂಗತಿಯಾಗಿರುತ್ತದೆ. ಆದರೆ ಆ ತರಗತಿಯ ಬಾಗಿಲಿಗೆ ಪ್ರವೇಶ ಪರೀಕ್ಷೆಯೆಂಬ ಅಗಳಿಯುಂಟು. ರಜೆಯಲ್ಲಿ ಊರಿಗೆ ಬಂದಾಗ ಈ ಮಕ್ಕಳು ಅಭ್ಯಾಸದ ಪುಸ್ತಕವನ್ನು ಹಿಡಿದುಕೊಂಡು ನಮ್ಮ ಕಡೆಗೆ ಬರುವುದೂ ಉಂಟು. ಅವರು ಎಡವುವ ಸ್ಥಳವು ಯಾವುದೆಂಬುದನ್ನು ನಾವು ಗಮನಿಸುತ್ತ ಬಂದಿದ್ದೇವೆ. ಸಮೀಕರಣವನ್ನು ಬರೆದುಕೊಟ್ಟರೆ ಅದನ್ನು ನಿಮಿಷಾರ್ಧದಲ್ಲಿ ಬಿಡಿಸಿಡುತ್ತಾರೆ. ನಾಲ್ಕು ಸಾಲಿನ ಕಥೆಯನ್ನು ಕೊಟ್ಟು ಸಮೀಕರಣವನ್ನು ನೀವೇ ಕಟ್ಟಿರಿ ಎಂದರೆ ಕೈಕಟ್ಟಿ ಕೂಡುತ್ತಾರೆ. ಆದುದರಿಂದ ಅವರಿಗಿರುವ ಕೊರತೆಯು ಬೀಜಗಣಿತದ್ದಲ್ಲ, ಓದಿನದು ಎಂಬುದು ನಮ್ಮ ಅಭಿಪ್ರಾಯವು. ಈ ಕೊರತೆಯು ಹುಟ್ಟುವುದು ಕಾಲೇಜಿನಲ್ಲಿಯೂ ಅಲ್ಲ. ಎಂಟನೆಯ, ಒಂಬತ್ತನೆಯ ತರಗತಿಗಳಲ್ಲಿ, ಅಂದರೆ ನಮ್ಮಂಥವರ ಕೈಕೆಳಗೆ.

ಈ ಪರೀಕ್ಷೆಗಳ ಸ್ವರೂಪವನ್ನು ಅರಿಯದ ವಾಚಕರಿಗಾಗಿ ಎರಡು ಮಾತು. ಹೊರದೇಶದ ವಿದ್ಯಾಲಯಗಳು ಬಹುವಾಗಿ ಮನ್ನಿಸುವ ಜಿಮ್ಯಾಟ್ ಪರೀಕ್ಷೆಯು 2024ರಿಂದ ಹೊಸ ರೂಪದಲ್ಲಿ ಮಾತ್ರ ನಡೆಯುತ್ತಿದೆ. ಅದರ ಗಣಿತ ಭಾಗದಿಂದ ರೇಖಾಗಣಿತವನ್ನು ತೆಗೆದುಹಾಕಿ, ಅಂಕಗಣಿತ ಬೀಜಗಣಿತಗಳನ್ನಷ್ಟೇ ಉಳಿಸಿದ್ದಾರೆ. 45 ನಿಮಿಷಗಳಲ್ಲಿ 21 ಪ್ರಶ್ನೆಗಳು. ಲೆಕ್ಕದ ಯಂತ್ರವನ್ನು ಮುಟ್ಟುವ ಹಾಗಿಲ್ಲ. ನಮ್ಮ ದೇಶದ ಐ.ಐ.ಎಂ. ಸಂಸ್ಥೆಗಳಿಗೆ (ಬೆಂಗಳೂರಿನದು 1973ರಲ್ಲಿ ಸ್ಥಾಪಿತವಾಯಿತು) ಕ್ಯಾಟ್ ಎಂಬ ಪರೀಕ್ಷೆಯಿದೆ. ನಮ್ಮ ರಾಜ್ಯದ ಕಾಲೇಜುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪಿ.ಜಿ.ಸಿ.ಇ.ಟಿ. ಇದೆ. ಹೆಸರುಗಳು ಬೇರೆಯಾದರೂ ಎಲ್ಲದರಲ್ಲಿಯೂ ವಯಸ್ಸು, ಕೂಲಿ, ಬಡ್ಡಿ, ಮಿಶ್ರಣ, ವೇಗ, ಲಾಭ ನಷ್ಟಗಳ ಕಥೆಗಳೇ ತಿರುತಿರುಗಿ ಬರುತ್ತವೆ. ಬೇಕಾಗುವ ಬೀಜಗಣಿತವು ಹತ್ತನೆಯ ತರಗತಿಯದನ್ನು ಮೀರುವುದು ವಿರಳ.

ಇನ್ನು ನಮ್ಮ ಮುಖ್ಯವಾದ ಮಾತಿಗೆ ಬರೋಣ. ಒಂದು ತೋಟದಲ್ಲಿ ಲಿಂಬೆಗಿಡಗಳು ದಾಳಿಂಬೆಗಿಡಗಳ ಮೂರು ಪಟ್ಟಿಗಿಂತ ನಲವತ್ತು ಕಡಿಮೆ ಇವೆ, ಎರಡೂ ಸೇರಿ 360, ಒಂದೊಂದೂ ಎಷ್ಟು? ಈ ವಾಕ್ಯವನ್ನು ಬಾಯಿಬಿಟ್ಟು ಓದಿ ನೋಡಿರಿ. ಮೊದಲು ದಾಳಿಂಬೆ ಬಂದಿತು, ಆಮೇಲೆ ಮೂರು ಪಟ್ಟು, ಆಮೇಲೆ ನಲವತ್ತು, ಕಡೆಗೆ ಕಡಿಮೆ. ದಾಳಿಂಬೆಗಿಡಗಳ ಸಂಖ್ಯೆಯನ್ನು ಯ ಎಂದು ಕರೆದರೆ, 3ಯ − 40 ಎಂದು ಬರೆಯತಕ್ಕ ಕ್ರಮವೂ ಅದೇ. ಕಿವಿಗೆ ಬಿದ್ದ ಹಾಗೆಯೇ ಕೈಯು ಬರೆಯುತ್ತ ಹೋದರೆ ಸಾಕು; ಯ + 3ಯ − 40 = 360 ಎಂದಾಗಿ, ದಾಳಿಂಬೆ 100, ಲಿಂಬೆ 260 ಎಂದು ಉತ್ತರವು ಬರುತ್ತದೆ. ಇಂಗ್ಲಿಷಿನಲ್ಲಿಯಾದರೋ ‘ಫಾರ್ಟಿ ಲೆಸ್ ದ್ಯಾನ್ ಥ್ರೀ ಟೈಮ್ಸ್’ ಎಂದು ನಲವತ್ತೇ ಮುಂದೆ ಬಂದು ನಿಲ್ಲುತ್ತದೆ. ಕಣ್ಣಿಗೆ ಕಂಡ ಕ್ರಮದಲ್ಲಿ ಬರೆದ ಹುಡುಗಿಯು 40 − 3ಯ ಎಂದು ಬರೆದು, ಗಿಡಗಳ ಸಂಖ್ಯೆಯು ಸೊನ್ನೆಗಿಂತ ಕೆಳಗೆ ಇಳಿಯುವುದನ್ನು ಕಂಡು ಬೆರಗಾಗುತ್ತಾಳೆ. ಹೀಗಿರುವಾಗ ಕನ್ನಡ ಶಾಲೆಯಲ್ಲಿ ಕಲಿತವಳಿಗೆ ಆ ಕಲಿಕೆಯೇ ಅಡ್ಡಿಯಾಯಿತೆಂದು ಹೇಳುವುದು ನ್ಯಾಯವಲ್ಲ. ಈ ಒಂದು ವಿಷಯದಲ್ಲಿ ಅವಳ ಕೈಯಲ್ಲಿ ಒಳ್ಳೆಯ ಉಪಕರಣವಿದೆ. ಅದನ್ನು ಉಪಯೋಗಿಸಬಹುದೆಂದು ಅವಳಿಗೆ ಯಾರೂ ಹೇಳಿಲ್ಲ, ಅಷ್ಟೇ.

ಇಂಗ್ಲಿಷ್ ಮಾತೃಭಾಷೆಯಾದವರು ಈ ತೊಡಕಿನಿಂದ ಪಾರಾಗಿರುವರೆಂದು ತಿಳಿಯಬಾರದು. 1981ರಲ್ಲಿ ಕ್ಲೆಮೆಂಟ್, ಲಾಕ್‌ಹೆಡ್, ಮಂಕ್ ಎಂಬ ಮೂವರು ಅಮೇರಿಕದ ವಿದ್ವಾಂಸರು ಒಂದು ಪರಿಶೀಲನೆಯನ್ನು ಪ್ರಕಟಿಸಿದರು. ಒಂದು ವಿಶ್ವವಿದ್ಯಾಲಯದಲ್ಲಿ ಒಬ್ಬೊಬ್ಬ ಅಧ್ಯಾಪಕನಿಗೆ ಆರಾರು ಮಂದಿ ವಿದ್ಯಾರ್ಥಿಗಳಿದ್ದಾರೆ, ಇದನ್ನು ಸಮೀಕರಣವಾಗಿ ಬರೆಯಿರಿ ಎಂಬರ್ಥದ ಪ್ರಶ್ನೆಯನ್ನು ಇಂಜಿನಿಯರಿಂಗ್ ತರಗತಿಯ ಮೊದಲ ವರುಷದವರಿಗೆ ಕೊಟ್ಟರೆ, ನೂರಕ್ಕೆ 37 ಮಂದಿ ತಪ್ಪಿದರು. ತಪ್ಪಿದವರಲ್ಲಿ ಹೆಚ್ಚಿನವರು ಆರನ್ನು ವಿದ್ಯಾರ್ಥಿಗಳ ಪಕ್ಕಕ್ಕೆ ಬರೆದು, ಲೆಕ್ಕವನ್ನು ತಲೆಕೆಳಗು ಮಾಡಿದ್ದರು. ಅಕ್ಷರವು ಒಂದು ಸಂಖ್ಯೆಗೆ ನಿಂತದ್ದೆಂಬುದನ್ನು ಮರೆತು, ಅದನ್ನು ವಿದ್ಯಾರ್ಥಿಗೆ ಅಂಟಿಸಿದ ಚೀಟಿಯೆಂದು ಎಣಿಸಿದುದೇ ಇದಕ್ಕೆ ಒಂದು ಕಾರಣವು.

ಈ ಅಂಶದಲ್ಲಿ ನಮ್ಮ ಹಿಂದಿನವರ ಪದ್ಧತಿಯು ನಮಗೆ ಬಹಳ ಮೆಚ್ಚಿಗೆಯಾಗಿದೆ. 1150ರಲ್ಲಿ ಲೀಲಾವತಿಯನ್ನು ಬರೆದ ಭಾಸ್ಕರಾಚಾರ್ಯನು ತನ್ನ ಬೀಜಗಣಿತದಲ್ಲಿ ಅರಿಯದ ಮೊದಲನೆಯ ರಾಶಿಯನ್ನು ಯಾವತ್ತಾವತ್ ಎಂದು ಕರೆಯುತ್ತಾನೆ. ‘ಎಷ್ಟೋ ಅಷ್ಟು’ ಎಂದು ಅದರರ್ಥ. ಎರಡನೆಯದು ಕಾಲಕ, ಮೂರನೆಯದು ನೀಲಕ, ಹೀಗೆ ಬಣ್ಣಗಳ ಹೆಸರುಗಳು. ಬರೆಯುವಾಗ ಯಾ, ಕಾ, ನೀ ಎಂದಿಷ್ಟೇ. (ಅವನು ತನ್ನ ಊರೆಂದು ಹೇಳಿಕೊಂಡ ವಿಜ್ಜಡವಿಡವು ನಮ್ಮ ವಿಜಯಪುರವೇ ಎಂದು ವಾದಿಸುವವರುಂಟು. ಅದು ಸಹ್ಯಾದ್ರಿಯ ಬಳಿಯದೆಂದು ಅವನೇ ಬರೆದಿರುವಾಗ, ಅಭಿಮಾನಕ್ಕಾಗಿ ಅವನನ್ನು ಇಲ್ಲಿಗೆ ಎಳೆದುತರುವ ಆತುರ ನಮಗಿಲ್ಲ.) ‘ದಾಳಿಂಬೆಗಿಡಗಳು ಎಷ್ಟೋ ಅಷ್ಟು’ ಎಂದು ಒಂದು ಸಲ ಬಾಯಿಂದ ಹೇಳಿ ಯ ಎಂದು ಬರೆದ ಹುಡುಗಿಗೆ, ಆ ಅಕ್ಷರವು ಗಿಡವಲ್ಲ, ಗಿಡಗಳ ಎಣಿಕೆಯೆಂಬುದು ಮರೆತುಹೋಗುವುದು ಕಷ್ಟ. ಅಭಿಮಾನಪಡಲೇಬೇಕೆಂದರೆ ನೆರೆಯ ಕಲಬುರಗಿ ಜಿಲ್ಲೆಯ ಮಳಖೇಡವಿದೆ. ಅಲ್ಲಿ ರಾಜ್ಯವಾಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿಯೇ, ಸುಮಾರು 850ರಲ್ಲಿ, ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ರಚಿಸಿದನು. 12ನೆಯ ಶತಮಾನದಲ್ಲಿ ರಾಜಾದಿತ್ಯನು ಕನ್ನಡದಲ್ಲಿಯೇ ವ್ಯವಹಾರಗಣಿತವನ್ನು ಬರೆದನು. ಬಡ್ಡಿ, ಮಿಶ್ರಣ, ಕೊಡುಕೊಳ್ಳುವಿಕೆಗಳ ಕಥೆಗಳನ್ನು ಲೆಕ್ಕವಾಗಿಸುವ ವಿದ್ಯೆಯು ಈ ನೆಲಕ್ಕೆ ಹೊಸದಲ್ಲ.

ಕನ್ನಡದಲ್ಲಿ ತೊಡಕೇ ಇಲ್ಲವೆಂದು ನಾವು ಹೇಳುವುದಿಲ್ಲ. ‘ಅದಕ್ಕಿಂತ ಮೂರು ಪಟ್ಟು ಹೆಚ್ಚು’ ಎಂದರೆ ಮೂರು ಪಟ್ಟೋ ನಾಲ್ಕು ಪಟ್ಟೋ? ಆಡುಮಾತಿನಲ್ಲಿ ಇದು ಸಾಗಿಹೋಗುತ್ತದೆ, ತರಗತಿಯಲ್ಲಿ ಸಾಗಿಸಕೂಡದು. ಉಪಾಧ್ಯಾಯಿನಿಯರು ಇಂಥ ಮಾತನ್ನು ಕಂಡಲ್ಲಿ ನಿಂತು, ಬಿಡಿಸಿ ಹೇಳಿಸತಕ್ಕದ್ದು.

ಪರೀಕ್ಷಕರ ಜಾಣತನದ ಒಂದು ಮಾದರಿಯನ್ನೂ ಹೇಳಬೇಕು. ತಾಯಿಯ ವಯಸ್ಸು ಈಗ ಮಗಳ ವಯಸ್ಸಿನ ಮೂರು ಪಟ್ಟು. 12 ವರುಷಗಳ ಮೇಲೆ ಎರಡು ಪಟ್ಟಾಗುವುದು. ಮಗಳು ಹುಟ್ಟಿದಾಗ ತಾಯಿಯ ವಯಸ್ಸೆಷ್ಟು? ಮಗಳದು ಯ, ತಾಯಿಯದು 3ಯ. ವರುಷಗಳು ಇಬ್ಬರಿಗೂ ಏರುತ್ತವೆಂಬುದನ್ನು ಮರೆಯದೆ 3ಯ + 12 = 2(ಯ + 12) ಎಂದು ಬರೆದರೆ ಯ ಎಂಬುದು 12. ಇಲ್ಲಿಗೆ ಬಂದ ಹುಡುಗಿಯು ಗೆದ್ದೆನೆಂದು ನಿಟ್ಟುಸಿರು ಬಿಡುತ್ತಾಳೆ. ಕೊಟ್ಟ ಉತ್ತರಗಳ ಸಾಲಿನಲ್ಲಿ 12 ಅವಳಿಗಾಗಿಯೇ ಕಾದಿರುತ್ತದೆ, ಅದರ ಪಕ್ಕದಲ್ಲಿ 36. ಕೇಳಿದ್ದಾದರೋ 36ರಿಂದ 12 ಕಳೆದ 24. ಪ್ರಶ್ನೆಯ ಕೊನೆಯ ಸಾಲನ್ನು ಮೊದಲು ಓದಿಸಬೇಕೆಂದು ನಾವು ಹಟ ಹಿಡಿಯುವುದು ಇದಕ್ಕಾಗಿಯೇ.

ಇನ್ನೊಂದು ಬಗೆಯ ಪ್ರಶ್ನೆಯು ಜಿಮ್ಯಾಟಿನಲ್ಲಿ ಬಹು ಪ್ರಸಿದ್ಧವಾದುದು. ಅದು ಉತ್ತರವನ್ನು ಕೇಳದೆ, ಕೊಟ್ಟ ಸಂಗತಿಗಳು ಉತ್ತರಕ್ಕೆ ಸಾಕೇ ಸಾಲವೇ ಎಂದಷ್ಟೇ ಕೇಳುತ್ತದೆ. ಲಿಂಬೆಹಣ್ಣಿಗೆ 3 ರೂಪಾಯಿ, ದಾಳಿಂಬೆಗೆ 25, ಒಬ್ಬಾಕೆಯು ಎರಡು ಬಗೆಯವನ್ನೂ ಕೊಂಡು ಸರಿಯಾಗಿ 100 ರೂಪಾಯಿ ಕೊಟ್ಟಳು, ದಾಳಿಂಬೆಗಳೆಷ್ಟು? ಅರಿಯದ ರಾಶಿಗಳು ಎರಡು, ಸಮೀಕರಣವು ಒಂದೇ, ಆದುದರಿಂದ ಸಾಲದು ಎಂದು ಸೂತ್ರವನ್ನು ಉರುಹಚ್ಚಿದವಳು ಕೂಡಲೇ ಹೇಳುತ್ತಾಳೆ. ಆದರೆ ಸಂತೆಯಲ್ಲಿ ಅರ್ಧ ಲಿಂಬೆಯನ್ನು ಯಾರು ಮಾರುತ್ತಾರೆ? ಎರಡು ದಾಳಿಂಬೆಯಾದರೆ 50 ಉಳಿಯುತ್ತದೆ, ಮೂರಾದರೆ 25. ಇವೆರಡೂ ಮೂರರಿಂದ ಭಾಗವಾಗವು. ನಾಲ್ಕಾದರೆ ಲಿಂಬೆಗೆ ಕಾಸಿಲ್ಲ. ಒಂದೇ ದಾಳಿಂಬೆ, 25 ಲಿಂಬೆ, ಸಂಗತಿಯು ಸಾಕು. ಭಾಸ್ಕರಾಚಾರ್ಯನು 100 ದ್ರಮ್ಮಕ್ಕೆ 100 ಹಕ್ಕಿಗಳನ್ನು ಕೊಂಡುತರಲು ಹೇಳುವ ಲೆಕ್ಕದ ಮರ್ಮವೂ ಇದೇ: ಹಕ್ಕಿಯನ್ನು ತುಂಡುಮಾಡಿ ಕೊಳ್ಳಲಾಗದು. 2023ರಲ್ಲಿ ಭೌಗೋಳಿಕ ಸೂಚ್ಯಂಕದ ಮನ್ನಣೆಯನ್ನು ಪಡೆದ ಇಂಡಿ ಲಿಂಬೆಯ ನಾಡಿನಲ್ಲಿ ಹುಟ್ಟಿ, ತಂದೆತಾಯಿಗಳ ಸಂಗಡ ಹಣ್ಣನ್ನು ಎಣಿಸಿದ ಹುಡುಗಿಗೆ ಇದನ್ನು ಬೇರೆಯವರು ಕಲಿಸಬೇಕಾಗಿಲ್ಲ. ತನಗೆ ತಿಳಿದುದನ್ನು ಪರೀಕ್ಷೆಯ ಕೊಠಡಿಯೊಳಕ್ಕೆ ಒಯ್ಯುವ ಧೈರ್ಯವೊಂದು ಬೇಕು.

ಈ ಧೈರ್ಯವನ್ನು ಪಟ್ಟಣದ ತರಬೇತಿಯ ಮನೆಗಳು ಕೊಡುವವೇ? ಅಲ್ಲಿ ಕಲಿಸುವುದು ಬಹುಮಟ್ಟಿಗೆ ಉಪಾಯಗಳನ್ನು. ಕೊಟ್ಟ ಐದು ಉತ್ತರಗಳನ್ನು ಒಂದೊಂದಾಗಿ ಹಾಕಿ ನೋಡುವುದು ಅವುಗಳಲ್ಲೊಂದು. ತಾಳೆ ನೋಡುವುದಕ್ಕೆ ಅದು ಉತ್ತಮವಾದ ಕ್ರಮವೇ ಸರಿ. ಆದರೆ ಕ್ಯಾಟಿನಲ್ಲಿ ಉತ್ತರಗಳನ್ನೇ ಕೊಡದೆ, ನೀವೇ ಅಂಕಿಯನ್ನು ಒತ್ತಿರಿ ಎನ್ನುವ ಪ್ರಶ್ನೆಗಳುಂಟು; ‘ಸಾಕೇ ಸಾಲವೇ’ ಎಂಬ ಪ್ರಶ್ನೆಗಳಿಗೂ ಆ ಉಪಾಯವು ತಗಲದು. ಮೇಲಾಗಿ ತರಬೇತಿಗೆ ಗಂಡುಮಕ್ಕಳನ್ನು ಎರಡನೆಯ, ಮೂರನೆಯ ವರುಷವೂ ಕಳಿಸುವ ಮನೆಗಳು ಹೆಣ್ಣುಮಕ್ಕಳಿಗೆ ಒಂದೇ ಅವಕಾಶವನ್ನು ಕೊಡುತ್ತವೆ. ಅದರಲ್ಲಿ ಅಂಕವು ಕಡಿಮೆಯಾದರೆ ‘ನಿನಗೆ ಗಣಿತ ಬರುವುದಿಲ್ಲ’ ಎಂಬ ತೀರ್ಪು. ಮರುತಿಂಗಳು ವರನ ಕಡೆಯವರ ಆಗಮನ. ಗಣಿತವು ಬಾರದವಳಲ್ಲ ಅವಳು! ಒಂದು ವಾಕ್ಯವನ್ನು ಬಿಡಿಸಲು ಕಲಿಸದೆ ಹೋದುದರ ದಂಡವನ್ನು ಆಯುಷ್ಯವಿಡೀ ಅವಳೇ ತೆರುತ್ತಾಳೆ. ಇದು ನಮಗೆ ಸಹಿಸಲಾಗದ ಮಾತು.

ಎರಡು ನಿಮಿಷದ ಪ್ರಶ್ನೆಯನ್ನು ಕನ್ನಡಕ್ಕೆ ತಿರುಗಿಸುತ್ತ ಕುಳಿತರೆ ಹೊತ್ತು ಮೀರದೇ ಎಂದು ಕೆಲವರು ಆಕ್ಷೇಪಿಸುವರು. ರೊಟ್ಟಿ ಬಡಿಯಲು ಕಲಿಯುವ ಹುಡುಗಿಯು ಮೊದಮೊದಲು ಪ್ರತಿಯೊಂದು ಬಡಿತಕ್ಕೂ ಅಂಚನ್ನು ನೋಡುತ್ತಾಳೆ. ವರುಷ ಕಳೆದ ಮೇಲೆ ಮಾತನಾಡುತ್ತಲೇ ಬಡಿಯುತ್ತಾಳೆ. ಎಂಟನೆಯ ತರಗತಿಯಲ್ಲಿ ಈ ರೂಢಿಯು ಆರಂಭವಾದರೆ ಪದವಿಯ ಹೊತ್ತಿಗೆ ತಿರುಗಿಸುವ ಕೆಲಸವು ಅವಳಿಗೇ ತಿಳಿಯದ ಹಾಗೆ ನಡೆದುಹೋಗುವುದು. ಇಂಗ್ಲಿಷನ್ನು ಬಿಡಿರೆಂದು ನಾವು ಹೇಳುತ್ತಿಲ್ಲ. ಪ್ರಶ್ನೆಪತ್ರಿಕೆಯ ಇಂಗ್ಲಿಷನ್ನು ಮಕ್ಕಳು ಚೆನ್ನಾಗಿ ಓದಲೇಬೇಕು. ಓದಿದ್ದನ್ನು ಅಂಕಿಗಳಿಲ್ಲದೆ, ಮನೆಯಲ್ಲಿ ಅವ್ವನಿಗೆ ಹೇಳುವಂತೆ ಒಮ್ಮೆ ಹೇಳಿ, ಆಮೇಲೆ ಲೇಖಣಿಯನ್ನು ಹಿಡಿಯಲಿ ಎಂಬುದಿಷ್ಟೇ ನಮ್ಮ ಸೂಚನೆ.

ಪಾಲಕರಲ್ಲಿ ನಮ್ಮದೊಂದು ಬೇಡಿಕೆಯಿದೆ. ಪುಸ್ತಕದ ಲೆಕ್ಕಗಳಲ್ಲಿ ಬರುವ ರೈಲುಗಳೂ ನೀರಿನ ತೊಟ್ಟಿಗಳೂ ಮಕ್ಕಳಿಗೆ ಬೇಸರ ತಂದಿವೆ. ತಮ್ಮ ಮನೆಗಳಲ್ಲಿ ಲಿಂಬೆ, ದ್ರಾಕ್ಷಿ, ದಾಳಿಂಬೆಗಳನ್ನು ಮಾರಿದಾಗ ಅಡತಿಯವರು ಬರೆದುಕೊಟ್ಟ ಹಳೆಯ ಪಟ್ಟಿಗಳು ಗೂಡಿನಲ್ಲಿ ಬಿದ್ದಿರಬಹುದು. ಹೆಸರನ್ನು ಹೊಡೆದುಹಾಕಿ ಅವನ್ನು ಮಕ್ಕಳ ಕೈಯಲ್ಲಿ ಕಳುಹಿಸಿಕೊಡಿರಿ. ತೂಕ, ದರ, ಹಮಾಲಿ, ಬಾಡಿಗೆ, ಕೈಗೆ ಬಂದ ಹಣ ಎಲ್ಲವೂ ಅದರಲ್ಲಿರುತ್ತವೆ. ಅವುಗಳಲ್ಲೊಂದು ಅಂಕಿಯನ್ನು ಬೆರಳಿನಿಂದ ಮುಚ್ಚಿದರೆ ಒಂಬತ್ತನೆಯ ತರಗತಿಗೆ ಒಂದು ದಿನದ ಲೆಕ್ಕ ಸಿದ್ಧವಾಗುವುದು.