ಸೊನ್ನೆ ನುಂಗುವ ಭಾಗಾಕಾರ

ಐದನೇ ತರಗತಿಯ ಮಗುವಿಗೆ 408ನ್ನು 4ರಿಂದ ಭಾಗಿಸಲು ಕೊಟ್ಟು ನೋಡಿ. ಎಷ್ಟೋ ಮಕ್ಕಳು 12 ಎಂದು ಬರೆಯುತ್ತಾರೆ. ನಾಲ್ಕೊಂದ್ಲ ನಾಲ್ಕು, ಸೊನ್ನೆಗೆ ಏನೂ ಇಲ್ಲ, ನಾಲ್ಕೆರಡ್ಲ ಎಂಟು. ಮಗ್ಗಿ ಸರಿ, ಉತ್ತರ ತಪ್ಪು. ಅದೇ ಮಗುವಿಗೆ ‘408 ರೂಪಾಯಿನ ನಾಲ್ಕು ಜನಕ್ಕೆ ಹಂಚು’ ಅನ್ನಿ. ತಲಾ ನೂರು ಮೊದಲು ಹಂಚಿ, ಉಳಿದ ಎಂಟರಲ್ಲಿ ಎರಡೆರಡು ಕೊಟ್ಟು ಮುಗಿಸುತ್ತದೆ. ಹಂಚಲು ಬರುವ ಮಗು ಭಾಗಿಸುವಾಗ ಎಡವುತ್ತಿದೆ ಎಂದರೆ ನಾವು ಕಲಿಸುವ ಕ್ರಮ ತಿರುವುಮುರುವಾಗಿದೆ.

‘ಅಸರ್’ ಸಮೀಕ್ಷೆಯ ಪ್ರಕಾರ, ಗ್ರಾಮೀಣ ಭಾರತದ ಐದನೇ ತರಗತಿಯಲ್ಲಿ ಮೂರಂಕಿಯನ್ನು ಒಂದಂಕಿಯಿಂದ ಭಾಗಿಸಬಲ್ಲವರು 2022ರಲ್ಲಿ ಶೇ 25.6, 2024ರಲ್ಲಿ ಶೇ 30.7. ಏರಿಕೆ ಕಂಡರೂ ಹತ್ತರಲ್ಲಿ ಏಳು ಮಕ್ಕಳು ಇನ್ನೂ ಹೊರಗೇ ಇದ್ದಾರೆ.

ಬಾಯಿಲೆಕ್ಕಕ್ಕೆ ನಮ್ಮಲ್ಲಿ ಬರವಿಲ್ಲ. ಮೊಳಕಾಲ್ಮೂರಿನ ಮಗ್ಗದ ಮನೆಯ ಲೆಕ್ಕ ತೆಗೆದುಕೊಳ್ಳಿ: 33 ಮೀಟರ್ ಹಾಸು, ಸೀರೆಗೆ ಐದೂವರೆ ಮೀಟರ್. ದಶಮಾಂಶದ ಗೊಡವೆಯೇ ಬೇಡ. ಎರಡು ಸೀರೆಗೆ 11, ನಾಲ್ಕಕ್ಕೆ 22, ಆರಕ್ಕೆ 33. ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಭಾಗಾಕಾರಕ್ಕೆ ಹೇಳಿದ್ದೂ ಇಂಥ ಹಗುರ ದಾರಿಯನ್ನೇ: ಎರಡೂ ಕಡೆಯ ಸಮಾನ ಅಪವರ್ತನಗಳನ್ನು ಮೊದಲು ತೆಗೆಯಿರಿ. 360ನ್ನು 24ರಿಂದ ಭಾಗಿಸಬೇಕೆ? 180ಕ್ಕೆ 12, 90ಕ್ಕೆ 6, 30ಕ್ಕೆ 2. ಉತ್ತರ 15.

ಹಾಗಂತ ಬರೆಯುವ ಕ್ರಮ ಬೇಡವೆಂದಲ್ಲ. ಸಂಖ್ಯೆ ದೊಡ್ಡದಾದರೆ ಅದಿಲ್ಲದೆ ಆಗದು. ಆದರೆ 156ನ್ನು 12ರಿಂದ ಭಾಗಿಸುವಾಗ ‘ಹದಿನೈದರಲ್ಲಿ ಹನ್ನೆರಡು ಒಂದು ಸಲ, ಆರು ಇಳಿಸು’ ಎನ್ನುವ ಮೊದಲು, ಹತ್ತು ಹನ್ನೆರಡು ತೆಗೆದರೆ 120, ಉಳಿದ 36ರಲ್ಲಿ ಇನ್ನೂ ಮೂರು ಹನ್ನೆರಡು ಎಂದು ಬರೆಸಿ. ಮೇಲಿಟ್ಟ ಆ ‘ಒಂದು’ ನಿಜವಾಗಿ ಹತ್ತು ಎಂಬುದು ಆಗ ಮಗುವಿಗೆ ತಾನಾಗಿಯೇ ಹೊಳೆಯುತ್ತದೆ.

ಶೇಷದ ಕಥೆಯೂ ಅಷ್ಟೇ. 50ನ್ನು 8ರಿಂದ ಭಾಗಿಸಿದರೆ 6, ಶೇಷ 2. ಚಳ್ಳಕೆರೆಯ ಎಣ್ಣೆ ಮಿಲ್ಲಿಗೆ 50 ಚೀಲ ಶೇಂಗಾ ಸಾಗಿಸಬೇಕು, ಗಾಡಿಗೆ ಎಂಟೇ ಚೀಲ ಹಿಡಿಸುತ್ತವೆ ಎಂದರೆ ಏಳು ಸಲ ಹೋಗಲೇಬೇಕು. 50 ಪೆನ್ಸಿಲ್ ಆದರೆ ಎಂಟು ಮಕ್ಕಳಿಗೆ ಆರಾರು, ಎರಡು ಡಬ್ಬಿಯಲ್ಲೇ ಉಳಿಯುತ್ತವೆ. 50 ರೂಪಾಯಿ ಆದರೆ ತಲಾ ಆರೂಕಾಲು. ಲೆಕ್ಕ ಒಂದೇ, ಉತ್ತರ ಮೂರು. ಇದನ್ನು ಮಕ್ಕಳ ಬಾಯಲ್ಲೇ ಹೇಳಿಸಬೇಕು. ಗಡಿಯೂರಿನ ಮಗು ತೆಲುಗಿನಲ್ಲಿ ಹೇಳಿದರೂ ಒಪ್ಪಿಕೊಳ್ಳಿ.

ಹೀಗೆ ಕಲಿಸಲು ಶಿಕ್ಷಕರಿಗೂ ತಯಾರಿ ಬೇಕು. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ. ಅಲ್ಲಿ ಶಾಲಾ ಶಿಕ್ಷಕರಿಗೆ ತರಬೇತಿಯೂ ನಡೆಯುತ್ತದೆ. ಚಳ್ಳಕೆರೆ, ಮೊಳಕಾಲ್ಮೂರು ಎರಡೂ ತಾಲ್ಲೂಕಿನ ಶಿಕ್ಷಕರ ಕ್ಲಸ್ಟರ್ ಸಮಾಲೋಚನಾ ಸಭೆಗಳು ಒಂದು ದಿನವನ್ನು ಭಾಗಾಕಾರಕ್ಕೇ ಮೀಸಲಿಡಲಿ. ಮನೆಯಲ್ಲಿ ಹೋಂವರ್ಕ್ ನೋಡುವವರಿಗೆ ತರಬೇತಿ ಬೇಕಿಲ್ಲ. ಮಗು ಪೆನ್ಸಿಲ್ ಹಿಡಿಯುವ ಮೊದಲೇ ಕೇಳಿ: ಸುಮಾರು ಎಷ್ಟು ಬರಬಹುದು?