ಕ್ರಿಕೆಟ್ಟೂ ಘುಣಾಕ್ಷರ ನ್ಯಾಯವೂ

ಮರವನ್ನು ಕೊರೆಯುವ ಹುಳು ತನ್ನ ಹೊಟ್ಟೆಪಾಡಿಗಾಗಿ ದಾರಿ ಮಾಡಿಕೊಂಡು ಹೋಗುತ್ತದೆ. ಆ ದಾರಿ ಎಲ್ಲಿಯೋ ಒಂದೆಡೆ ಅಕ್ಷರದಂತೆ ಕಂಡರೆ, ನೋಡಿದವರು ಹುಳುವನ್ನೇ ವಿದ್ವಾಂಸನೆಂದು ಕೊಂಡಾಡುತ್ತಾರೆ. ಶಾಸ್ತ್ರಕಾರರು ಇದನ್ನು ಘುಣಾಕ್ಷರ ನ್ಯಾಯವೆಂದರು. ಇದಕ್ಕೆ ನಿದರ್ಶನ ಬೇಕಾದವರು ಪಾಠಶಾಲೆಗೆ ಬರಬೇಕಾಗಿಲ್ಲ. ಕ್ರಿಕೆಟ್ ಮೈದಾನಕ್ಕೆ ಹೋದರೆ ಸಾಕು.

2007ರ ಜನವರಿ 5ರಂದು ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ, ನಮ್ಮ ಬೆಂಗಳೂರಿನ ರಾಹುಲ್ ದ್ರಾವಿಡರ ನಾಯಕತ್ವದ ಭಾರತ ತಂಡವು ಮೂರನೆಯ ಟೆಸ್ಟಿನ ಎರಡನೆಯ ಇನಿಂಗ್ಸನ್ನು ಆರಂಭಿಸಿತು. ಕೇವಲ 6 ರನ್ನುಗಳಾಗುವಷ್ಟರಲ್ಲಿ ಇಬ್ಬರು ಔಟಾದರು. ನಾಲ್ಕನೆಯವರಾಗಿ ಬರಬೇಕಾಗಿದ್ದ ತೆಂಡೂಲ್ಕರರ ಸುಳಿವಿಲ್ಲ. ಕೆಲವು ನಿಮಿಷಗಳ ಬಳಿಕ ಎಡಗೈ ಆಟಗಾರರಾದ ಗಂಗೂಲಿಯವರು ಬಂದರು. ಎಡಗೈಯವರನ್ನು ಮುಂದೆ ತಂದು ಎದುರಾಳಿ ಬೌಲರುಗಳ ಗುರಿ ಕೆಡಿಸುವ ಗಹನವಾದ ತಂತ್ರವೆಂದು ದೂರದಿಂದ ನೋಡಿದವನು ತಲೆದೂಗಬಹುದು.

ನಡೆದದ್ದೇ ಬೇರೆ. ಹಿಂದಿನ ದಿನ ತೆಂಡೂಲ್ಕರರು 18 ನಿಮಿಷ ಮೈದಾನದಿಂದ ಹೊರಗಿದ್ದರು. ಅಷ್ಟು ಹೊತ್ತು ಕಳೆಯದೆ ಅವರು ಆಡಲಿಳಿಯುವಂತಿಲ್ಲವೆಂಬುದು ನಿಯಮ. ಲಕ್ಷ್ಮಣರು ಸ್ನಾನದಲ್ಲಿದ್ದರು. ಗಂಗೂಲಿಯವರು ಆಟದ ಉಡುಪನ್ನೇ ತೊಟ್ಟಿರಲಿಲ್ಲ. ಮುಹೂರ್ತ ಬಂದಾಗ ವರನು ಮೀಯಲು ಹೋದಂತಾಯಿತು! ಅವಸರದಲ್ಲಿ ಸಜ್ಜಾಗಿ ಬರುವಷ್ಟರಲ್ಲಿ 6 ನಿಮಿಷ ಸಂದಿತ್ತು; ನಿಯಮವು ಕೊಟ್ಟದ್ದು 3 ನಿಮಿಷ. ಎದುರು ಪಕ್ಷದ ನಾಯಕ ಗ್ರೇಮ್ ಸ್ಮಿತ್ ಅಂಪೈರರಿಗೆ ಒಂದು ಮಾತು ಹೇಳಿದ್ದರೆ ಗಂಗೂಲಿಯವರು ಒಂದು ಚೆಂಡನ್ನೂ ಕಾಣದೆ ಹಿಂದಿರುಗಬೇಕಾಗುತ್ತಿತ್ತು. ಸ್ಮಿತ್ ಹೇಳಲಿಲ್ಲ. ಗಂಗೂಲಿಯವರು 46 ರನ್ನು ಗಳಿಸಿದರು. ಪಂದ್ಯವನ್ನು ಕೊನೆಗೆ ದಕ್ಷಿಣ ಆಫ್ರಿಕವೇ ಗೆದ್ದಿತು. ಔದಾರ್ಯದಿಂದ ಅದಕ್ಕೇನೂ ನಷ್ಟವಾಗಲಿಲ್ಲ.

2023ರ ನವೆಂಬರ್ 6ರಂದು ದೆಹಲಿಯ ವಿಶ್ವಕಪ್ ಪಂದ್ಯದಲ್ಲಿ ಶ್ರೀಲಂಕೆಯ ಏಂಜೆಲೊ ಮ್ಯಾಥ್ಯೂಸರ ಹೆಲ್ಮೆಟ್ಟಿನ ಪಟ್ಟಿ ಕಿತ್ತುಬಂದು ತಡವಾಯಿತು. ಬಾಂಗ್ಲಾದೇಶದ ನಾಯಕ ಶಕೀಬ್ ಮನವಿ ಸಲ್ಲಿಸಿದರು. ಮ್ಯಾಥ್ಯೂಸರು ಆಡದೆಯೇ ಔಟಾದರು. ನಿಯಮದ ಪ್ರಕಾರ ಅದೂ ಸರಿಯೇ. ಎರಡು ಕಡೆಯೂ ಆದದ್ದು ಅಚಾತುರ್ಯವೇ. ಭೇದವಿದ್ದದ್ದು ಎದುರಿಗೆ ನಿಂತವರ ಮನಸ್ಸಿನಲ್ಲಿ.

ಅಧ್ಯಾಪಕರಾದ ನಮಗೂ ಇದರಲ್ಲಿ ಪಾಠವಿದೆ. ಇಂಥ ಸಂಸ್ಮರಣ ಸಂಪುಟಗಳಲ್ಲಿ ನಾವು ಶಾಲೆಯ ಪ್ರತಿಯೊಂದು ಸತ್ಫಲವನ್ನೂ ದೂರದೃಷ್ಟಿಯ ಪರಿಣಾಮವೆಂದೇ ಬರೆಯುತ್ತೇವೆ. ಅವುಗಳಲ್ಲಿ ಘುಣಾಕ್ಷರಗಳು ಎಷ್ಟೋ! ನಾವು ದಡ್ಡನೆಂದು ಕೈಬಿಟ್ಟ ಹುಡುಗನೇ ಮುಂದೆ ಬಂದಾಗ, ಅದು ನಮ್ಮ ಶಿಕ್ಷಣದ ಮಹಿಮೆಯೆನ್ನಲು ನಮಗೆ ನಾಚಿಕೆಯಿಲ್ಲ. ಯೋಜನಾಕುಶಲರೆಂಬ ಬಿರುದು ನಮಗೆ ಬೇಡ. ಗಂಟೆ ಹೊಡೆದ ಮೇಲೆ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತ ಮಗುವನ್ನು, ನಿಯಮ ನಮ್ಮ ಪಕ್ಷದಲ್ಲಿದ್ದರೂ, ಒಳಗೆ ಕರೆಯುವ ಮನಸ್ಸೊಂದಿದ್ದರೆ ಸಾಕು. ಅದು ಮಾತ್ರ ತಾನಾಗಿ ಒದಗುವ ಅಕ್ಷರವಲ್ಲ, ತಿಳಿದು ಬರೆಯಬೇಕಾದದ್ದು.