ಲಬ್-ಡಬ್: ಬಾಗಿಲು ಮುಚ್ಚುವ ಸದ್ದು

ತಮ್ಮನೋ ತಂಗಿಯೋ ಮಲಗಿರುವಾಗ ಎದೆಯ ಎಡಭಾಗಕ್ಕೆ ಕಿವಿಯಿಟ್ಟು ಕೇಳಿ. ‘ಲಬ್-ಡಬ್, ಲಬ್-ಡಬ್’ ಎಂದು ಕೇಳಿಸುತ್ತದಲ್ಲವೆ? ಹೃದಯದ ಸ್ನಾಯು ಕುಗ್ಗುವಾಗ ಬರುವ ಸದ್ದು ಇದೆಂದು ಹಲವರು ತಿಳಿದಿದ್ದಾರೆ. ನಿಜವಾಗಿ ಅದು ಹೃದಯದ ಬಾಗಿಲುಗಳು ಮುಚ್ಚಿಕೊಳ್ಳುವ ಸದ್ದು.

ಹೃದಯಕ್ಕೆ ನಾಲ್ಕು ಕೋಣೆಗಳು: ಮೇಲೆ ಎರಡು ಹೃತ್ಕರ್ಣ, ಕೆಳಗೆ ಎರಡು ಹೃತ್ಕುಕ್ಷಿ. ಇವೆರಡರ ನಡುವೆ ಬಲಕ್ಕೆ ತ್ರಿದಳ ಕವಾಟ, ಎಡಕ್ಕೆ ದ್ವಿದಳ ಕವಾಟ. ಹೃತ್ಕುಕ್ಷಿಗಳಿಂದ ಹೊರಡುವ ಎರಡು ದೊಡ್ಡ ರಕ್ತನಾಳಗಳ ಬಾಯಲ್ಲಿ ಅರ್ಧಚಂದ್ರ ಕವಾಟಗಳು. ಸೈಕಲ್ ಟ್ಯೂಬಿನ ವಾಲ್ವ್ ಒಳಹೋದ ಗಾಳಿಯನ್ನು ಹೊರಬಿಡದಂತೆ, ಇವು ಮುಂದೆ ಹೋದ ರಕ್ತವನ್ನು ಹಿಂದಕ್ಕೆ ಬಿಡುವುದಿಲ್ಲ. ತೆರೆಸುವುದೂ ಮುಚ್ಚಿಸುವುದೂ ರಕ್ತದ ಒತ್ತಡವೇ.

ಹೃತ್ಕುಕ್ಷಿಗಳು ಕುಗ್ಗಿದೊಡನೆ ತ್ರಿದಳ, ದ್ವಿದಳ ಕವಾಟಗಳು ಮುಚ್ಚುತ್ತವೆ. ಆಗ ದಳಗಳೂ ಸುತ್ತಲಿನ ರಕ್ತವೂ ಕಂಪಿಸಿ ‘ಲಬ್’ ಎನ್ನುತ್ತದೆ. ರಕ್ತ ಹೊರಹೋದ ಮೇಲೆ ಅರ್ಧಚಂದ್ರ ಕವಾಟಗಳು ಮುಚ್ಚಿದಾಗ ‘ಡಬ್’. ದಿನಕ್ಕೆ ಸುಮಾರು 1 ಲಕ್ಷ ಬಾರಿ ಹೀಗೆ!

1816ರಲ್ಲಿ ಪ್ಯಾರಿಸ್ಸಿನ ವೈದ್ಯ ಲೆನೆಕ್, ಯುವತಿಯೊಬ್ಬಳ ಎದೆಗೆ ಕಿವಿಯಿಡಲು ಸಂಕೋಚಪಟ್ಟು, ಕಾಗದವನ್ನು ಸುರುಳಿ ಸುತ್ತಿ ಅದರ ಮೂಲಕ ಆಲಿಸಿದರು. ಸದ್ದು ಇನ್ನೂ ಸ್ಪಷ್ಟವಾಗಿ ಕೇಳಿಸಿತು. ಸ್ಟೆತಾಸ್ಕೋಪ್ ಹುಟ್ಟಿದ್ದು ಹೀಗೆ.

ನೀರು ಹರಿಯುವ ರಬ್ಬರ್ ಪೈಪನ್ನು ಅದುಮಿದರೆ ‘ಸುಯ್’ ಎನ್ನುತ್ತದೆ. ಹಾಗೆಯೇ ಕವಾಟ ಪೂರ್ತಿ ತೆರೆಯದಿದ್ದರೆ ಅಥವಾ ಸರಿಯಾಗಿ ಮುಚ್ಚದೆ ಸೋರಿದರೆ ಲಬ್-ಡಬ್ ನಡುವೆ ಮರ್ಮರ ಶಬ್ದ ಕೇಳುತ್ತದೆ. ಆರೋಗ್ಯವಂತ ಮಕ್ಕಳಲ್ಲೂ ಇದು ಎಷ್ಟೋ ಬಾರಿ ಇರುತ್ತದೆ; ಗಾಬರಿ ಬೇಡ, ವೈದ್ಯರು ಪರೀಕ್ಷಿಸಿ ಹೇಳಲಿ.

ಆದರೆ ತಂದೆತಾಯಂದಿರು ಗಮನಿಸಬೇಕಾದ ಕಾಯಿಲೆಯೊಂದಿದೆ: ರುಮ್ಯಾಟಿಕ್ ಜ್ವರ. ಇದು ಹೆಚ್ಚಾಗಿ 5ರಿಂದ 15 ವರ್ಷದ ಮಕ್ಕಳಿಗೆ ಬರುತ್ತದೆ. ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯದಿಂದ ಗಂಟಲು ನೋವು ಬಂದು ಹೋದ 2-3 ವಾರಗಳ ಮೇಲೆ ಜ್ವರ ಬಂದು, ಒಂದು ಕೀಲಿನ ನಂತರ ಇನ್ನೊಂದು ಊದಿಕೊಂಡು ನೋಯುತ್ತದೆ. ರೋಗಾಣುವಿನ ವಿರುದ್ಧ ಎದ್ದ ದೇಹದ ರಕ್ಷಣಾ ಪಡೆ ತನ್ನದೇ ಕವಾಟಗಳ ಮೇಲೂ ತಿರುಗಿಬೀಳುತ್ತದೆ. ಕೀಲು ನೋವು ವಾಸಿಯಾಗುತ್ತದೆ. ಕವಾಟದ ಗಾಯ ಉಳಿದುಬಿಡಬಹುದು. ಜ್ವರ ಮರುಕಳಿಸದಂತೆ 3-4 ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದನ್ನು ವರ್ಷಗಟ್ಟಲೆ ಕೊಡಿಸಬೇಕಾಗುತ್ತದೆ.

ಎಲ್ಲ ಗಂಟಲು ನೋವೂ ಅಪಾಯವಲ್ಲ. ಆದರೂ ಜ್ವರದೊಂದಿಗೆ ಗಂಟಲು ನೋಯುತ್ತಿದ್ದರೆ ಉಪ್ಪುನೀರು ಮುಕ್ಕಳಿಸಿ ಸುಮ್ಮನಾಗದೆ ವೈದ್ಯರಿಗೆ ತೋರಿಸಿ. ಅವರು ಹೇಳಿದಷ್ಟು ದಿನವೂ ಮಾತ್ರೆ ಕೊಡಿ. ನೋವು ಹೋಯಿತೆಂದು ನಡುವೆ ನಿಲ್ಲಿಸಬೇಡಿ. ಗಂಟಲಿಗೆ ಕೊಟ್ಟ ಆ ಮದ್ದು ಹೃದಯದ ಬಾಗಿಲುಗಳನ್ನೂ ಕಾಯುತ್ತದೆ.